ಬದನೆಕಾಯಿ ಬಣ್ಣದ ಕೋಟು

ಮೊನ್ನೆ ಮೊದಲ ಹಿಮ ಬಿದ್ದಾಗ ಬೇಸ್‌ಮೆಂಟಿನಿಂದ ಚಳಿಗಾಲದ ಬಟ್ಟೆಗಳ ಡಬ್ಬಿ ಮೇಲೆ ತಂದೆ. ತಳದಲ್ಲಿ ಅತ್ತೆಯ ಕೋಟು ಇತ್ತು. ಹೋದ ವರ್ಷ ಅದನ್ನು ದಾನದ ಚೀಲಕ್ಕೆ ಹಾಕಿ, ಮತ್ತೆ ತೆಗೆದಿಟ್ಟಿದ್ದೆ. ಈ ಸಲ ಕೊಟ್ಟೇಬಿಡುವುದೆಂದು ಇವತ್ತು ಬೆಳಿಗ್ಗೆ ಜೇಬು ತಡಕಿದೆ. ಎಡಗಡೆ ಒಂದು ಏಲಕ್ಕಿ ಸಿಕ್ಕಿತು. ಬಲಗಡೆ ಬೂದು ಉಣ್ಣೆಯ ಒಂದೇ ಒಂದು ಕೈಗವಸು, ಅದರ ಅಂಗೈಯಲ್ಲಿ ಅಗಲವಾದ ಅರಿಸಿನದ ಕಲೆ.

ಸಿಂಕಿನಲ್ಲಿ ನೆನೆಸಿ ಸೋಪು ಹಚ್ಚಿದೆ. ಕಲೆ ಕೆಂಪಾಯಿತು. ಅರಿಸಿನಕ್ಕೆ ಸೋಪು ತಾಗಿದರೆ ಹಾಗಾಗುತ್ತದೆಂದು ಮೂವತ್ತು ವರ್ಷದಿಂದ ಅಡಿಗೆ ಮನೆಯಲ್ಲಿರುವ ನನಗೆ ಗೊತ್ತು. ಆದರೂ ಉಜ್ಜುವ ಕೈ ನಿಂತುಹೋಯಿತು.

ನನ್ನ ಮಗಳು ತೃಪ್ತಿಯ ಮದುವೆ ಹೋದ ವರ್ಷ, ೨೦೧೮ರ ಫೆಬ್ರವರಿಯಲ್ಲಿ ಆಯಿತು. ಹುಡುಗ ಯಶ್, ಇಲ್ಲೇ ಹತ್ತಿರದ ಯೂನಿಯನ್‌ವಿಲ್‌ನಲ್ಲಿ ಬೆಳೆದವನು. ಅವನ ಮನೆಯವರು ಮೂಲತಃ ಮೈಸೂರಿನವರು. ಇಬ್ಬರಿಗೂ ಹಿಮವೆಂದರೆ ಹುಚ್ಚು. ಮದುವೆ ಹೊರಗೇ, ಹಿಮದಲ್ಲೇ ಆಗಬೇಕೆಂದು ಹಟ ಹಿಡಿದರು. ಊಟದ ಹಾಲ್‌ನ ಹಿಂದೆ ಒಂದು ತೋಟ, ತೋಟದಲ್ಲಿ ಮಂಟಪ.

"ಫೆಬ್ರವರ್‍ಯಾಗ ಹೊರಗ ಲಗ್ನ? ಐನೋರು ಮಂತ್ರ ಹೇಳೂದ್ರಾಗ ನಾಲಗಿ ಮರಗಟ್ಟತೈತಿ," ಎಂದು ನನ್ನ ಗಂಡ ಗಿರೀಶ ನಕ್ಕರು.

"ಟ್ವೆಂಟಿ ಮಿನಿಟ್ಸ್ ಅಷ್ಟೇ, ಅಪ್ಪಾ. ಆಮೇಲೆ ಎಲ್ಲಾ ಇನ್‌ಸೈಡ್," ಎಂದಳು ತೃಪ್ತಿ. ಮತ್ತೆ ನನ್ನ ಕಡೆ ತಿರುಗಿ, "ಅಮ್ಮಾ, ಒಂದೇ ಕಂಡೀಶನ್. ಫಸ್ಟ್ ಅಕ್ಕಿಕಾಳು ಅಜ್ಜೀನೇ ಹಾಕ್ಬೇಕು. ಪ್ರಾಮಿಸ್ ಮಾಡು," ಎಂದಳು.

ಅಕ್ಷತೆಗೆ ನಮ್ಮ ಕಡೆ ಅಕ್ಕಿಕಾಳು ಎನ್ನುತ್ತಾರೆ. ಮುಹೂರ್ತದ ಗಳಿಗೆಗೆ ಬಂದವರೆಲ್ಲ ಮದುಮಕ್ಕಳ ತಲೆಯ ಮೇಲೆ ಹಾಕುವುದು. ನಾನು ತೃಪ್ತಿಗೆ ಮಾತು ಕೊಟ್ಟೆ.

ಅತ್ತೆ ರುದ್ರವ್ವನವರಿಗೆ ಆಗ ಎಪ್ಪತ್ತೆಂಟು. ಗುಳೇದಗುಡ್ಡದಲ್ಲಿ ಮೈದುನನ ಮನೆಯಲ್ಲಿರುತ್ತಾರೆ. ತೃಪ್ತಿಗೆ ಐದು ವರ್ಷವಾಗುವವರೆಗೆ ಇಲ್ಲಿ ಮಿಸಿಸಾಗದಲ್ಲೇ ಇದ್ದು ಅವಳನ್ನು ಬೆಳೆಸಿದವರು ಅವರು. ನಾನು ಆಗ ಎರಡು ಶಿಫ್ಟು ಮಾಡುತ್ತಿದ್ದೆ. ಆದರೆ ಆ ಐದು ವರ್ಷದ ಚಳಿಗಾಲಗಳನ್ನು ಅವರು ಹೀಟರಿನ ಮುಂದೆ ಕೂತೇ ಕಳೆದಿದ್ದರು. ಮದುವೆಗೆಂದು ಜನವರಿಯಲ್ಲಿ ಗಿರೀಶ ಹೋಗಿ ಕರೆದುಕೊಂಡು ಬಂದರು. ಬಂದ ಮಾರನೆಯ ದಿನವೇ ನಾನು ತಯಾರಿ ಶುರು ಮಾಡಿದೆ.

ಅತ್ತೆ ಇಳಕಲ್ಲ ಸೀರೆ ಬಿಟ್ಟು ಬೇರೆ ಉಟ್ಟವರಲ್ಲ. ತಲೆಯ ಮೇಲೆ ಸೆರಗಿಲ್ಲದೆ ನಾಲ್ಕು ಜನರ ಮುಂದೆ ಬಂದವರೂ ಅಲ್ಲ. ಬೆಚ್ಚಗೂ ಇರಬೇಕು, ಮದುಮಗಳ ಅಜ್ಜಿಯ ಹಾಗೂ ಕಾಣಬೇಕು. ಮೊದಲು ಗಿರೀಶರ ಕಪ್ಪು ಕೋಟು ತೋರಿಸಿದೆ.

"ಲಗ್ನಕ್ಕ ಕರೀದು ಹಾಕ್ಕೊಂಡು ಹೋಗ್ತಾರೇನವಾ? ಮಣ್ಣಿಗೆ ಹೊಂಟೀನೇನ ನಾ?"

ಸ್ಟ್ರೀಟ್ಸ್‌ವಿಲ್‌ನ ಕ್ವೀನ್ ಸ್ಟ್ರೀಟಿನ ಅಂಗಡಿಗಳನ್ನು ಎರಡು ಶನಿವಾರ ಸುತ್ತಿದೆ. ಇಲ್ಲಿ ಚಳಿಗಾಲದ ಒಳ್ಳೆಯ ಕೋಟೆಂದರೆ ಕಪ್ಪು, ಬೂದು, ಇಲ್ಲವೇ ಒಂಟೆಯ ಬಣ್ಣ. ಕೊನೆಗೆ ಹಳೆಯ ಬಟ್ಟೆಯ ಅಂಗಡಿಯೊಂದರಲ್ಲಿ ಉದ್ದನೆಯ ಉಣ್ಣೆಯ ಕೋಟು ಸಿಕ್ಕಿತು, ಹೊಳೆಯುವ ಬದನೆಕಾಯಿಯ ಬಣ್ಣದ್ದು. ಅತ್ತೆ ಅದನ್ನು ಮುಟ್ಟಿ, ಒಳಗಿನ ಅಸ್ತರನ್ನು ಮಗುಚಿ ನೋಡಿ, "ಇದು ಚಲೋ ಐತಿ. ಎಣ್ಣಿಗಾಯಿ ಬಣ್ಣ," ಎಂದರು.

ಹಳೆಯ ಫ್ಲೀಸ್ ಹೊದಿಕೆಯೊಂದನ್ನು ಕತ್ತರಿಸಿ ಲಂಗ ಹೊಲಿದೆ. ಅದರೊಳಗೆ ಥರ್ಮಲ್ ಪ್ಯಾಂಟು. ಸೀರೆಯನ್ನು ನಾಲ್ಕು ಬೆರಳು ಮೇಲೆ ಉಡಿಸಿದರೆ ಅಂಚು ಹಿಮಕ್ಕೆ ತಾಗುವುದಿಲ್ಲ, ಬೂಟೂ ಅಷ್ಟಾಗಿ ಕಾಣುವುದಿಲ್ಲ. ಸೀರೆಯದೇ ಬಣ್ಣದ ಟೋಪಿ ಹೆಣೆದೆ. ಟೋಪಿಯ ಮೇಲೆ ಸೆರಗು ಬರುವಂತೆ, ಅದನ್ನು ಕೋಟಿನ ಕುತ್ತಿಗೆಯಿಂದ ಹೊರಗೆಳೆದು ಎರಡು ಪಿನ್ನು ಹಾಕಿದೆ. ಕೋಟಿನ ತೋಳು ಉದ್ದವಾಗಿತ್ತು, ಮಡಚಿ ಹೊಲಿದೆ. ಬಲಗೈಗೆ ಮಾತ್ರ ಬೆರಳುಗಳ ಮೇಲಿನ ಭಾಗ ಮುಚ್ಚಳದ ಹಾಗೆ ಹಿಂದಕ್ಕೆ ಮಡಚಿಕೊಳ್ಳುವ ಕೈಗವಸು. ಅಕ್ಕಿಕಾಳು ಹಾಕುವುದಕ್ಕೆ ಬೆರಳು ಬೇಕಲ್ಲ.

"ನಾ ಏನ ಲಗ್ನಕ್ಕ ಹೊಂಟೀನೋ, ದಂಡಿಗೆ ಹೊಂಟೀನೋ?" ಎನ್ನುತ್ತಲೇ ಎಲ್ಲವನ್ನೂ ತೊಡಿಸಿಕೊಂಡರು.

ಹಿತ್ತಿಲಿನಲ್ಲಿ ರೂಢಿ ಮಾಡಿಸಿದೆ. ಮೊದಲ ದಿನ ಎರಡೇ ನಿಮಿಷ. ಅತ್ತೆ ಬೂಟನ್ನು ಕೆಸರಿನಲ್ಲಿ ಎಮ್ಮೆ ಕಾಲಿಡುವ ಹಾಗೆ ಎತ್ತಿ ಎತ್ತಿ ಇಟ್ಟರು. ಮೂರನೆಯ ವಾರಕ್ಕೆ ಇಪ್ಪತ್ತೈದು ನಿಮಿಷ ನಿಲ್ಲುವಂತಾದರು. ಕೈಗವಸಿನ ಮುಚ್ಚಳ ತೆಗೆದು ಬೇಲಿಯ ಗೂಟಕ್ಕೆ ಅಕ್ಕಿ ಹಾಕುತ್ತಿದ್ದರು. ಅಳಿಲುಗಳು ಬಂದು ತಿನ್ನುತ್ತಿದ್ದವು. "ತೃಪ್ತಿ ಬದಲಿ ಈ ಅಳಿಲುಗಳಿಗೇ ದಿನಾ ಲಗ್ನಾ ಮಾಡಾಕತ್ತೀನಿ," ಎಂದು ನಗುತ್ತಿದ್ದರು. ಇಪ್ಪತ್ತೈದು ನಿಮಿಷ ನಿಂತ ದಿನ ಮೈನಸ್ ಹನ್ನೊಂದು ಇತ್ತು. ಒಳಗೆ ಬಂದು ಅವರ ಕಾಲು ಮುಟ್ಟಿ ನೋಡಿದೆ. ಬೆಚ್ಚಗಿದ್ದವು.

ಆ ಸಂಜೆ ರೊಟ್ಟಿ ತಟ್ಟುತ್ತಿದ್ದಾಗ ಅತ್ತೆ ನನ್ನ ಪಕ್ಕ ಬಂದು ನಿಂತರು.

"ಹೇಮಾ, ಒಂದ ಮಾತು. ಎಲ್ಲಾರೂ ಹಾಕಿದ ಮ್ಯಾಲ ನಾ ಹಿಂದಿಂದ ಹಾಕತೀನಿ. ನಿಮ್ಮ ಮಾವಾರು ಹೋಗಿ ಒಂಬತ್ತ ವರ್ಷಾತು. ನನ್ನಂತಾಕಿ ಮೊದಲ ಕೈ ಹಚ್ಚಬಾರದು."

"ಅತ್ತಿ, ಇಲ್ಲೆ ಅದೆಲ್ಲಾ ಯಾರೂ ನೋಡೂದಿಲ್ಲ. ನನಗೂ ಅದು ಸೇರೂದಿಲ್ಲ. ನಿಮ್ಮ ಮೊಮ್ಮಗಳೇ ಹೇಳ್ಯಾಳ, ನೀವ ಮೊದಲ ಅಂತ."

"ಖರೇನ?"

"ಖರೇ."

ಅವರು ಹಂಚಿನ ಮೇಲಿನ ರೊಟ್ಟಿ ಮಗುಚಿದರು. ಆಮೇಲೆ, "ಹಂಗಾರ ಅಕ್ಕಿಗೆ ಅರಿಶಿಣಾ ನಾನ ಹಚ್ಚತೀನಿ," ಎಂದು ಡಬ್ಬಿ ತೆಗೆದರು.

ಮದುವೆಯ ದಿನ ಬೆಳಿಗ್ಗೆ ಮೈನಸ್ ಹದಿನಾಲ್ಕು, ಗಾಳಿ ಸೇರಿಸಿದರೆ ಮೈನಸ್ ಇಪ್ಪತ್ಮೂರು. ಅತ್ತೆಗೆ ಎರಡು ಸಲ ಕೆಮ್ಮು ಬಂತು. ಎರಡೇ ಸಲ. ಆದರೂ ಅವರ ಹಣೆ ಮುಟ್ಟಿ ನೋಡಿದೆ. ಹಾಲ್‌ಗೆ ಬಂದಾಗ ಯಶ್‌ನ ತಾಯಿ ವಸಂತಾ ಅತ್ತೆಯನ್ನು ನೋಡಿ, "ಅಯ್ಯೋ, ಎಷ್ಟು ಮುದ್ದಾಗಿ ಕಾಣ್ತಾರೆ ಅಜ್ಜಿ! ಆದ್ರೆ ಪಾಪ, ಈ ಚಳೀಲಿ ಹೊರಗಡೆ ಯಾಕೆ ರಿಸ್ಕು? ನ್ಯುಮೋನಿಯಾ ಗಿಮೋನಿಯಾ ಆದ್ರೆ?" ಎಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು. ಆ ಒಂದು ಮಾತಿಗೆ ನನ್ನ ಮೂರು ವಾರದ ಧೈರ್ಯ ಹೋಯಿತು.

ತೋಟದ ಕಡೆ ಗಾಜಿನ ಬಾಗಿಲಿತ್ತು. ಅದರ ಪಕ್ಕ, ಹೀಟರಿನ ಮುಂದೆ ಕುರ್ಚಿ ಹಾಕಿ ಅತ್ತೆಯನ್ನು ಕೂರಿಸಿದೆ.

"ಇಲ್ಲೇ ಕುಂದರ್‍ರಿ ಅತ್ತಿ. ಸುಮ್ಮನ ಮೊದಲಿಂದ ಯಾಕ ನಿಂದ್ರತೀರಿ? ಐನೋರು ಅಕ್ಕಿಕಾಳಿಗೆ ಬಂದ ಕೂಡಲೇ ನಾನ ಬಂದು ಕರಕೊಂಡು ಹೋಗತೀನಿ."

"ಮರೀಬ್ಯಾಡ ಮತ್ತ."

"ಮರೀತೀನೇನ?"

ಬಲಗೈಯ ಮುಚ್ಚಳ ತೆಗೆದು, ಮುಷ್ಟಿಯಲ್ಲಿ ಅಕ್ಕಿಕಾಳು ಹಿಡಿದು ಅವರು ಆಗಲೇ ತಯಾರಾಗಿದ್ದರು.

ಮಂಟಪದ ಮುಂದೆ ಎಂಬತ್ತು ಕುರ್ಚಿ. ಮೊದಲ ಸಾಲಿನ ಒಂದು ಕುರ್ಚಿಯ ಮೇಲೆ ತೃಪ್ತಿ ಅಜ್ಜಿಗಾಗಿ ಕೆಂಪು ಕಂಬಳಿ ಮಡಚಿ ಇಟ್ಟಿದ್ದಳು. ಅವಳು ರೇಷ್ಮೆಸೀರೆಯ ಮೇಲೆ ಬಿಳಿ ಉಣ್ಣೆಯ ಶಾಲು ಹೊದ್ದು ಬಂದಳು. ಮೂಗು ಕೆಂಪಗಿತ್ತು, ಮುಖದ ತುಂಬ ನಗು. ಐನೋರು ನಿಜಕ್ಕೂ ಬೇಗ ಬೇಗ ಹೇಳಿದರು. ಹತ್ತು ನಿಮಿಷಕ್ಕೆ ಮುಹೂರ್ತ ಹತ್ತಿರ ಬಂತು.

ಆಗ ನಾನು ಹಿಂದಕ್ಕೆ ತಿರುಗಿ ನೋಡಿದೆ. ಗಾಜಿನ ಹಿಂದೆ ಬದನೆಕಾಯಿ ಬಣ್ಣ ಕಾಣುತ್ತಿತ್ತು. ಅತ್ತೆ ಎದ್ದು ನಿಂತಿದ್ದರು. ಅಲ್ಲಿಗೆ ಮೂವತ್ತು ಹೆಜ್ಜೆ. ಹೋಗಿ ಕರೆತರಲು ಒಂದು ನಿಮಿಷ ಸಾಕಿತ್ತು. ಗಾಳಿ ಒಮ್ಮೆ ಬೀಸಿ ಎಲ್ಲರ ಸೆರಗು, ಮಫ್ಲರು ಹಾರಿದವು. ನಾನು ಮುಂದಕ್ಕೆ ತಿರುಗಿ ನಿಂತೆ.

ತೃಪ್ತಿ ಮಂಟಪದಲ್ಲಿ ಮೊಣಕಾಲು ಬಗ್ಗಿಸಿ, ತಲೆ ತಗ್ಗಿಸಿದಳು. ಅಜ್ಜಿ ಗಿಡ್ಡ, ಕೈ ಎಟುಕಲಿ ಎಂದು. ಹಾಗೆಯೇ ಕಾದಳು. ಐನೋರು ನನ್ನನ್ನು ನೋಡಿದರು. ನಾನು ವಸಂತಾ ಅವರಿಗೆ ಕೈಸನ್ನೆ ಮಾಡಿದೆ. ಅವರ ಅಕ್ಕಿಕಾಳು ತೃಪ್ತಿಯ ತಲೆಯ ಮೇಲೆ ಬಿತ್ತು, ಹಿಂದೆಯೇ ಎಲ್ಲರದೂ. ತಲೆ ಎತ್ತಿದಾಗ ಅವಳ ಕಣ್ಣು ಆ ಕೆಂಪು ಕಂಬಳಿಯ ಕುರ್ಚಿಯ ಕಡೆ ಹೋಯಿತು.

ಒಳಗೆ ಬಂದಾಗ ಅತ್ತೆ ಕುರ್ಚಿಯಲ್ಲಿ ಕೂತಿದ್ದರು. "ಅಯ್ಯೋ ಅತ್ತಿ, ಗದ್ದಲದಾಗ ಮರತೇಬಿಟ್ಟೆ," ಎಂದೆ. "ಈಗ ಹಾಕ್ರಿ, ತೃಪ್ತಿ ಇಲ್ಲೇ ಬರ್ತಾಳ."

"ಮುಹೂರ್ತ ಮುಗೀತಲ್ಲವಾ. ಈಗ ಇದು ಬರೇ ಅಕ್ಕಿ," ಎಂದರು, ಮೆಲ್ಲಗೆ.

ತೃಪ್ತಿ ಓಡಿ ಬಂದು ಅವರ ಕಾಲು ಮುಟ್ಟಿದಳು. ಅತ್ತೆ ಎಡಗೈಯಿಂದ ಅವಳ ಗಲ್ಲ ಹಿಡಿದರು. ಬಲಗೈ ಮುಷ್ಟಿಯಾಗಿಯೇ ಇತ್ತು.

"ಅಮ್ಮಾ, ವಾಟ್ ಹ್ಯಾಪನ್ಡ್?"

"ಮರತೆ, ಪುಟ್ಟಾ."

ಅವಳು ಒಂದು ಕ್ಷಣ ನನ್ನನ್ನೇ ನೋಡಿ, "ಇಟ್ಸ್ ಓಕೆ," ಎಂದಳು. ಅಂದಿನಿಂದ ಇಂದಿನವರೆಗೆ ಆ ವಿಷಯ ಎತ್ತಿಲ್ಲ.

ಊಟಕ್ಕೆ ಕೂತಾಗಲೂ ಅತ್ತೆ ಕೋಟು ತೆಗೆಯಲಿಲ್ಲ. ಗಿರೀಶ ಎರಡು ಸಲ ಹೇಳಿದರು, "ಅವ್ವಾ, ಒಳಗ ಸೆಕೆ ಆಗತೈತಿ, ತಗೀ." "ಇರಲಿ ಬಿಡೋ. ಹೇಮಾ ಇಷ್ಟ ಕಷ್ಟಪಟ್ಟು ಹೊಲದಾಳ," ಎಂದರು. ಹಣೆಯ ಮೇಲೆ ಬೆವರಿತ್ತು. ಬಲಗೈಯ ಅಕ್ಕಿಯನ್ನು ಯಾವಾಗ, ಎಲ್ಲಿ ಹಾಕಿದರೋ ನಾನು ನೋಡಲಿಲ್ಲ. ಮಾರ್ಚಿನಲ್ಲಿ ಊರಿಗೆ ಹೋದರು. ಕೋಟನ್ನು ಇಲ್ಲೇ ಬಿಟ್ಟು ಹೋದರು, ಗುಳೇದಗುಡ್ಡದ ಬಿಸಿಲಿಗೆ ಅದೇಕೆ ಎಂದು.

ಇವತ್ತು ಆ ಕೈಗವಸು ಸಿಂಕಿನಲ್ಲಿದ್ದಾಗಲೇ ಒದ್ದೆ ಕೈಯಲ್ಲಿ ಊರಿಗೆ ಫೋನು ಹಚ್ಚಿದೆ. ಅಲ್ಲಿ ರಾತ್ರಿ ಊಟದ ಹೊತ್ತು. ಅತ್ತೆಯೇ ಎತ್ತಿಕೊಂಡರು.

"ಅತ್ತಿ, ಲಗ್ನದ ದಿವಸ ನಾ ನಿಮ್ಮನ್ನ ಮರತಿರಲಿಲ್ಲ. ಬೇಕಂತನ ಕರೀಲಿಲ್ಲ."

"ಗೊತ್ತೈತಿ."

"ಗೊತ್ತಿತ್ತು?"

"ನೀ ಹೊಳ್ಳಿ ನೋಡಿದಿ. ನಾ ಕೈ ಎತ್ತಿದೆ. ನೀ ಮಾರಿ ತಿರುವಿದಿ. ಹಂಗಾರ ನಾನ ಹೋಗೂಣು ಅಂತ ಆ ಗಾಜಿನ ಬಾಗಲಾ ಜಗ್ಗಿದೆ. ಒಂದ ಕೈಯಾಗ ಅಕ್ಕಿ, ಇನ್ನೊಂದ ಕೈಲೆ ಜಗ್ಗೀ ಜಗ್ಗೀ ನೋಡಿದೆ. ಬರಲಿಲ್ಲವಾ."

ಆ ಬಾಗಿಲನ್ನು ಜಗ್ಗಬಾರದು. ನಡುಮಟ್ಟದಲ್ಲಿ ಒಂದು ಅಡ್ಡಪಟ್ಟಿ ಇರುತ್ತದೆ, ಅದನ್ನು ಹೊರಕ್ಕೆ ದಬ್ಬಬೇಕು. ಬೂಟು, ಕೈಗವಸು, ಹಿಮದ ಮೇಲೆ ಹೆಜ್ಜೆ, ಎಲ್ಲ ಕಲಿಸಿದ್ದೆ. ಇದನ್ನು ಹೇಳಿಕೊಟ್ಟಿರಲಿಲ್ಲ.

"ಆಮ್ಯಾಲ ಕುಂತು ವಿಚಾರ ಮಾಡಿದೆ," ಅತ್ತೆ ಹೇಳುತ್ತಿದ್ದರು. "ಹೇಮಾ ಮಾಡಿದ್ದ ಸರಿ ಐತಿ ಅನಸ್ತು. ಗಂಡಿಲ್ಲದಾಕಿ ಮೊದಲ ಅಕ್ಕಿಕಾಳು ಹಾಕಿ, ನಾಳೆ ಆ ಹುಡುಗ್ಗ ಒಂದ ಹೋಗಿ ಒಂದ ಆದರ? ನಿನಗ ಕಡೀ ಗಳಿಗ್ಯಾಗ ಅದು ಹೊಳೀತು. ಬಾಯಿಬಿಟ್ಟು ಹೇಳಾಕ ಆಗಲಿಲ್ಲ, ಮರತೆ ಅಂದಿ. ಶ್ಯಾಣ್ಯಾಕಿ ಇದ್ದಿ ಬಿಡು."

"ಇಲ್ಲರಿ ಅತ್ತಿ! ದೇವರಾಣಿ ಇಲ್ಲ. ಥಂಡಿಗೆ ಹೆದರಿದೆ. ನಿಮಗ ಏನರೆ ಆದೀತು ಅಂತ ಹೆದರಿದೆ. ಅಷ್ಟರಿ."

ಆ ಕಡೆ ಟೀವಿಯ ಸದ್ದು ಕೇಳಿಸುತ್ತಿತ್ತು.

"ಹೂಂ," ಎಂದರು. "ಥಂಡೀ ಬಾಳ ಇತ್ತು."

ಅಳುವ ಮಗುವಿಗೆ ಹೂಂ ಅನ್ನುವ ಹಾಗೆ ಅಂದರು. ಆಮೇಲೆ ತೃಪ್ತಿ ಹೇಗಿದ್ದಾಳೆ, ಅಲ್ಲಿ ಹಿಮ ಬಿತ್ತೇ, ಯಶ್ ಟೋಪಿ ಹಾಕಿಕೊಳ್ಳುತ್ತಾನೋ ಇಲ್ಲವೋ ಎಂದು ಕೇಳಿದರು. ನಾನು ಮತ್ತೊಮ್ಮೆ ಅದೇ ಮಾತಿಗೆ ಬಂದೆ. "ಇರಲಿ ಬಿಡವಾ, ಅನ್ನಾ ಆರತೈತಿ," ಎಂದು ಫೋನು ಇಟ್ಟರು.

ನನ್ನ ಮಾತನ್ನು ಅವರು ಇನ್ನು ನಂಬುವುದಿಲ್ಲ. ಹೇಗೆ ನಂಬಬೇಕು? ಮರೆತೆ ಎಂದು ಒಮ್ಮೆ ಸುಳ್ಳು ಹೇಳಿದವಳು ನಾನು. ತೃಪ್ತಿ ಹೇಳಿದರೆ ನಂಬಬಹುದು. ಆದರೆ ತೃಪ್ತಿಯೂ ನಾನು ಮರೆತೆನೆಂದೇ ತಿಳಿದಿದ್ದಾಳೆ. ಮೊದಲು ಅವಳಿಗೆ ಹೇಳಬೇಕು, ನೀನು ಮೊಣಕಾಲು ಬಗ್ಗಿಸಿ ಕಾಯುತ್ತಿದ್ದಾಗ ನಾನು ಎಲ್ಲ ಗೊತ್ತಿದ್ದೂ ನಿಂತಿದ್ದೆ ಎಂದು. ಫೋನು ಮಾಡಿದೆ. "ಏನಮ್ಮಾ?" ಎಂದಳು. "ಊಟ ಆತೇನು ಅಂತ ಕೇಳಾಕ ಮಾಡಿದ್ದೆ," ಎಂದೆ.

ಅದಕ್ಕೇ ಬೇಳೆ ಬೇಯುವಾಗ ಒಂದಿಷ್ಟು, ಡ್ರೈಯರು ತಿರುಗುವಾಗ ಒಂದಿಷ್ಟು ಇದನ್ನು ಬರೆಯುತ್ತಾ ಇಲ್ಲಿಗೆ ಬಂದಿದ್ದೇನೆ. ಕೋಟನ್ನು ಮತ್ತೆ ಕಪಾಟಿನಲ್ಲಿ ತೂಗುಹಾಕಿದ್ದೇನೆ. ಕೈಗವಸನ್ನು ಹಿಂಡಿ, ಬಿಸಿಲು ತಾಗಿ ಕಲೆ ಹೋಗದ ಹಾಗೆ ಒಳಗೇ ಹರವಿದ್ದೇನೆ. ತೃಪ್ತಿ ಭಾನುವಾರ ಊಟಕ್ಕೆ ಬರುತ್ತಾಳೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲ. ಎದುರಿಗೆ ಕೂತು ನಾನೇ ಓದಬೇಕು.