ಒಂದೇ ಬೋಗುಣಿ

ಎಬೋಲಾ ರೋಗಿಗಳ ಡೇರೆಗೆ ಗಂಡ ಹೆಂಡತಿ ಇಬ್ಬರೂ ಹೋಗಿದ್ದರು. ಬದುಕಿ ಬಂದವಳು ಫಿಂಡಾ ಒಬ್ಬಳೇ. ಇವಳಿಂದ ಇನ್ನು ಯಾರಿಗೂ ಭಯವಿಲ್ಲ ಎಂದು ಮೊಹರು ಒತ್ತಿದ ಕಾಗದ ಕೈಯಲ್ಲಿತ್ತು. ಊರಿನಲ್ಲಿ ಅದಕ್ಕೆ ಮೂರು ಕಾಸಿನ ಬೆಲೆಯಿರಲಿಲ್ಲ.

ಅಂಗಳದಲ್ಲಿ ಎಲ್ಲರೂ ದೊಡ್ಡ ಬೋಗುಣಿಯ ಸುತ್ತ ಕುಳಿತಿದ್ದರು. ಅನ್ನದ ಮೇಲೆ ಮರಗೆಣಸಿನ ಸೊಪ್ಪಿನ ಸಾರು. ಆ ಬೋಗುಣಿಗೆ ಕೈಹಾಕಿ ಉಣ್ಣುವವರು ಮನೆಯವರು, ಉಳಿದವರೆಲ್ಲ ಬಂದು ಹೋಗುವವರು. ಫಿಂಡಾ ಕೂರಲು ಹೋದಾಗ ಅತ್ತೆ ತೇವಾ ಒಂದಿಷ್ಟು ಅನ್ನವನ್ನು ಬಾಳೆಲೆಗೆ ಹಾಕಿ ದೂರದ ಮಾವಿನ ಮರದ ಬುಡದಲ್ಲಿಟ್ಟಳು.

"ನಿಂದು ಅಲ್ಲಿ."

"ನಾಯಿಗೂ ಇಷ್ಟು ದೂರ ಇಡಲ್ವಲ್ಲ ಅತ್ತೆ."

"ನಾಯಿ ಡೇರೆಗೆ ಹೋಗ್ಬಂದಿಲ್ಲ."

ಫಿಂಡಾಳ ಮೈಯೆಲ್ಲ ಉರಿದುಹೋಯಿತು. ಎಲೆಯನ್ನು ಮುಟ್ಟಲಿಲ್ಲ. ಹಿತ್ತಲ ಗುಡಿಸಲಿನಲ್ಲಿ ಗೆಣಸು ಸುಟ್ಟು ತಿಂದಳೇ ಹೊರತು ಊರು ಬಿಡಲಿಲ್ಲ.

ಒಂಬತ್ತನೇ ದಿನ ಪಕ್ಕದ ಮನೆಯಲ್ಲಿ ತೇವಾಳ ಮಗಳು ಸಿಯಾ ಅದೇ ರೋಗಕ್ಕೆ ಸತ್ತಳು. ಹೆಣದ ಪಕ್ಕದಲ್ಲಿ ಆರು ತಿಂಗಳ ಕೂಸು ಕಿರುಚುತ್ತಿತ್ತು. ತೇವಾ ಬಿಸಿನೀರಿನ ಬಕೆಟ್ಟು, ಸಾಬೂನು ಹಿಡಿದು ಹೊರಟಳು. ಮೀಯಿಸದೆ ಕಳಿಸಿದರೆ ಸತ್ತವರು ಹಿರಿಯರನ್ನು ಸೇರುವುದಿಲ್ಲವಂತೆ. ಹಾಗೆ ತನ್ನ ಅಪ್ಪನ ಹೆಣ ಮೀಯಿಸಿಯೇ ಫಿಂಡಾಳ ಗಂಡ ರೋಗವನ್ನು ಮನೆಗೆ ತಂದಿದ್ದ.

ಫಿಂಡಾ ಸಿಯಾಳ ಮನೆ ಬಾಗಿಲಿಗೆ ಅಡ್ಡ ನಿಂತಳು.

"ಸರಿಯೇ ಆಚೆ. ಅವ್ಳು ನನ್ನ ಮಗ್ಳು."

"ಮುಟ್ಟಿದ್ರೆ ನಾಳೆ ನಿಮ್ಮನ್ನ ಮೀಯಿಸೋರು ಯಾರು? ನಂಗೆ ಒಂದ್ಸಲ ಬಂದು ಹೋಗಿದೆ, ಮತ್ತೆ ಬರಲ್ಲ ಅಂದಿದ್ದಾರೆ ಡಾಕ್ಟ್ರು. ಕೂಸನ್ನ ನಾನು ತರ್ತೀನಿ. ನೀವು ಇಲ್ಲಿಂದ್ಲೇ ಅವ್ಳ ಹೆಸರು ಕೂಗಿ ಕಳಿಸಿ."

ತೇವಾ ನುಗ್ಗಿದಳು. ಫಿಂಡಾ ಬಕೆಟ್ಟನ್ನು ಒದ್ದು ಉರುಳಿಸಿದಳು. ಚೆಲ್ಲಿದ ನೀರಿನಲ್ಲಿ ಕುಸಿದು ಕೂತ ತೇವಾ ಮಗಳ ಹೆಸರು ಕೂಗತೊಡಗಿದಳು. ಅದನ್ನು ಕೇಳಲಾಗದೆ ಫಿಂಡಾ ಒಳಗೆ ಹೋದಳು.

ಹೆಣ ಒಯ್ಯಲು ಬಂದ ಬಿಳಿ ಉಡುಪಿನವರು ಕೂಸನ್ನು ಇಪ್ಪತ್ತೊಂದು ದಿನ ಬೇರೆಯಾಗಿಟ್ಟು ನೋಡಬೇಕೆಂದರು. ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳುವ ಮೊದಲೇ ಫಿಂಡಾ ಅದನ್ನು ಎತ್ತಿಕೊಂಡು ಗುಡಿಸಲು ಸೇರಿದ್ದಳು. ತೇವಾ ದಿನವೂ ಮರದ ಬುಡದಲ್ಲಿ ಡಬ್ಬಿ ಹಾಲು, ಎಲೆಯಲ್ಲಿ ಅನ್ನ ಇಡುತ್ತಿದ್ದಳು. ಕೂಸಿಗೋಸ್ಕರ ಬದುಕಿರಬೇಕಿತ್ತು, ಫಿಂಡಾ ಈಗ ಉಂಡಳು. ಏಳನೇ ದಿನ ಕೂಸಿನ ಮೈ ಜ್ವರದಿಂದ ಸುಡತೊಡಗಿತು. ಅವಳು ನೆನಪಿಗೆ ಬಂದ ದೇವರನ್ನೆಲ್ಲ ಬೈದಳು. ಮರುದಿನ ಒಸಡಿನಲ್ಲಿ ಎರಡು ಹಲ್ಲು ಕಂಡವು, ಜ್ವರ ಇಳಿಯಿತು.

ಇಪ್ಪತ್ತೆರಡನೇ ದಿನ ಕೂಸನ್ನು ಕಂಕುಳಲ್ಲಿಟ್ಟುಕೊಂಡು ನೇರ ಅಂಗಳಕ್ಕೆ ಬಂದಳು. ತೇವಾ ಓಡಿಬಂದು ಎರಡೂ ಕೈ ಚಾಚಿದಳು.

"ಕೊಡು ತಾಯಿ."

"ಕೊಡ್ತೀನಿ. ಮೊದ್ಲು ಊಟ ಮಾಡ್ತೀನಿ."

ಬೋಗುಣಿಯ ಮುಂದೆ ಕುಳಿತು ಕೈಹಾಕಿದಳು. ಸುತ್ತಲಿನ ಕೈಗಳೆಲ್ಲ ಹಿಂದೆ ಸರಿದವು. ಫಿಂಡಾ ತುತ್ತು ನುಂಗಿದಳು, ಏಳಲಿಲ್ಲ. ತೇವಾ ಚಾಚಿದ ಕೈಗಳನ್ನು ಇಳಿಸಿದಳು. ಆಮೇಲೆ ಎದುರು ಕುಳಿತು, ಫಿಂಡಾಳ ಬೆರಳು ಆಡಿದ ಕಡೆಯಿಂದಲೇ ತುತ್ತು ತೆಗೆದು ಬಾಯಿಗಿಟ್ಟಳು.

ಫಿಂಡಾ ಕೂಸನ್ನು ಅವಳ ಮಡಿಲಿಗೆ ಹಾಕಿದಳು.

"ಖಾರ ಸಾಲ್ದು ಅತ್ತೆ. ಎಲೆ ಮೇಲೆ ಕಳಿಸ್ತಿದ್ದಾಗ್ಲೂ ಹೇಳೋಣ ಅಂತಿದ್ದೆ."