ಬಾನೆಟ್ ಪಕ್ಕದ ಬೀಡಿ

ಮದ್ದೂರಿನ ಹಳೇ ರಸ್ತೆಯಲ್ಲಿರುವ ಹೊನ್ನಯ್ಯನ ಶೆಡ್ಡಿಗೆ ಬೋರ್ಡಿಲ್ಲ. ಹೊಸ ರಸ್ತೆ ಊರನ್ನು ಬಳಸಿಕೊಂಡು ಹೋದ ಮೇಲೆ ಬೋರ್ಡಿದ್ದರೂ ಓದುವವರಿಲ್ಲ. ಕಾರ್ಬೊರೇಟರ್ ಇರುವ ಹಳೇ ಗಾಡಿ ಇಟ್ಟುಕೊಂಡವರು ಮಾತ್ರ ಹುಡುಕಿಕೊಂಡು ಬರುತ್ತಾರೆ. ಅವರೂ ಬರುವುದು ಅವನ ಬೀಡಿಯ ಹೆಸರು ಕೇಳಿ.

ಕೆಲಸ ಮುಗಿದ ಮೇಲೆ ಹೊನ್ನಯ್ಯ ಎಂಜಿನ್ನನ್ನು ನಿಂತಲ್ಲೇ ನಿಧಾನಕ್ಕೆ ಓಡಲು ಬಿಟ್ಟು, ಬಾನೆಟ್ಟಿನೊಳಗೆ ತಲೆ ಹಾಕಿ ಮೂಸುತ್ತಿದ್ದ. ಪೆಟ್ರೋಲ್ ವಾಸನೆ ಇಲ್ಲವೆಂದರೆ ಅಲ್ಲೇ ನಿಂತು ಕಡ್ಡಿ ಗೀರಿ ಬೀಡಿ ಹಚ್ಚುತ್ತಿದ್ದ. ಅದೇ ಗ್ಯಾರಂಟಿ. ಬೀಡಿ ಹಚ್ಚದೆ ಗಾಡಿ ಕೊಟ್ಟದ್ದಿಲ್ಲ.

ಕೊರೊನಾ ಜ್ವರದಲ್ಲಿ ಅವನ ಮೂಗು ಹೋಯಿತು. ಬೇರೆಯವರಿಗೆ ವಾಪಸು ಬಂತು, ಇವನಿಗೆ ಬರಲಿಲ್ಲ. ಹೆಂಡತಿ ಚಿಕ್ಕಬೋರಮ್ಮನಿಗೆ ಬಿಟ್ಟರೆ ಯಾರಿಗೂ ಹೇಳಲಿಲ್ಲ. ಆಮೇಲಿಂದ ಕೆಲಸ ಮುಗಿಯುವ ಹೊತ್ತಿಗೆ ಅವಳು ಶೆಡ್ಡಿನ ಹಿಂದಿರುವ ಮನೆಯಿಂದ ಟೀ ತರುತ್ತಾಳೆ. ಬಾನೆಟ್ ಹತ್ತಿರ ನಿಂತು ಉಸಿರೆಳೆಯುತ್ತಾಳೆ. ವಾಸನೆ ಇದ್ದರೆ ಲೋಟವನ್ನು ಕೈಗೇ ಕೊಟ್ಟು, "ಆರೋಯ್ತದೆ, ಮೊದ್ಲು ಕುಡಿ" ಅನ್ನುತ್ತಾಳೆ. ಇಲ್ಲದಿದ್ದರೆ ಬೆಂಚಿನ ಮೇಲಿಟ್ಟು ಹೋಗುತ್ತಾಳೆ. ಅವನು ಬೀಡಿ ಹಚ್ಚುತ್ತಾನೆ.

ಮಂಡ್ಯದ ಸ್ವರೂಪ್ ತನ್ನ ತಾತನ ಫಿಯೆಟ್ ಕಾರು ತಂದಿದ್ದ. ಜೊತೆಗೆ ಅವನ ಗೆಳೆಯ ಪುನೀತ್.

"ಓಡ್ಸುವಾಗ ಏನೂ ಇಲ್ಲ ಅಣ್ಣ. ಸಿಗ್ನಲ್ಲಲ್ಲಿ ನಿಂತ್ರೆ ಪೆಟ್ರೋಲ್ ನಾತ, ಕರೀ ಹೊಗೆ. ಆಮೇಲೆ ಆಫ್" ಎಂದ ಸ್ವರೂಪ್.

ಹೊನ್ನಯ್ಯ ಏರ್ ಫಿಲ್ಟರ್ ತೆಗೆದು, ಎಂಜಿನ್ ಸ್ಟಾರ್ಟ್ ಮಾಡಿಸಿ ಕಾರ್ಬೊರೇಟರಿನ ಗಂಟಲಿಗೆ ಟಾರ್ಚ್ ಬಿಟ್ಟ. ಎಂಜಿನ್ ಇಷ್ಟು ನಿಧಾನಕ್ಕೆ ಓಡುವಾಗ ನಡುವಿನ ನಳಿಕೆಯಿಂದ ಪೆಟ್ರೋಲ್ ಬರಲೇಬಾರದು. ಹನಿ ಹನಿಯಾಗಿ ಬೀಳುತ್ತಿತ್ತು.

ಎಂಜಿನ್ ಆಫ್ ಮಾಡಿಸಿ ಕಾರ್ಬೊರೇಟರಿನ ಮುಚ್ಚಳ ಬಿಚ್ಚಿದ. ಒಳಗಿನ ಟೊಳ್ಳು ಹಿತ್ತಾಳೆ ಫ್ಲೋಟನ್ನು ತೆಗೆದು ಸ್ವರೂಪನ ಕಿವಿಯ ಹತ್ತಿರ ಅಲ್ಲಾಡಿಸಿದ. ಎಳನೀರು ಅಲ್ಲಾಡಿದ ಹಾಗೆ ಸದ್ದಾಯಿತು.

"ತೂತು ಬಿದ್ದು ಒಳಕ್ಕೆ ಪೆಟ್ರೋಲ್ ಓಗದೆ. ಇದು ತೇಲಿ ಮೇಲೆ ಬಂದ್ರೆ ತಾನೆ ನೀಡಲ್ಲು ಪೆಟ್ರೋಲ್ ಬರೋ ದಾರಿ ಮುಚ್ಚೋದು? ಮುಳುಗ್ಕಂಡು ಕೂತದೆ. ಪೆಟ್ರೋಲ್ ತುಂಬಿ ಚೆಲ್ತದೆ."

ಬಿಸಿನೀರಿನಲ್ಲಿ ಅದ್ದಿದ. ಗುಳ್ಳೆ ಎದ್ದ ಕಡೆ ಗುರುತು ಮಾಡಿ, ಒಳಗಿನ ಪೆಟ್ರೋಲ್ ಪೂರ್ತಿ ಇಳಿಸಿ ಬೆಸುಗೆ ಹಾಕಿದ. ಬೆಸುಗೆ ದಪ್ಪವಾದರೆ ಅದರ ಭಾರಕ್ಕೇ ಫ್ಲೋಟು ಮತ್ತೆ ಮುಳುಗುತ್ತದೆ. ಉಜ್ಜಿ ಉಜ್ಜಿ ತೆಳ್ಳಗೆ ಮಾಡಿದ. ತುದಿ ಸವೆದ ನೀಡಲನ್ನೂ ಬದಲಾಯಿಸಿ, ಎಲ್ಲ ಜೋಡಿಸಿ ಸ್ಟಾರ್ಟ್ ಮಾಡಿಸಿದ. ಕಾರ್ಬೊರೇಟರಿನ ಗಂಟಲು ಒಣಗಿತ್ತು. ಹೊರಗೆ ಒರೆಸಿದ ಬಿಳೀ ಬಟ್ಟೆಯೂ ಒಣಗಿತ್ತು.

ಆದರೆ ಕಾರ್ಬೊರೇಟರಿನ ಕೆಳಗೆ ಕಾದ ಸೈಲೆನ್ಸರ್ ಪೈಪಿದೆ. ಎಲ್ಲಾದರೂ ಸಂದಿಯಿಂದ ಹನಿ ಜಾರಿ ಅದರ ಮೇಲೆ ಬಿದ್ದರೆ ಕಣ್ಣಿಗೆ ಬೀಳುವ ಮೊದಲೇ ಆವಿಯಾಗುತ್ತದೆ. ಅದನ್ನು ಹಿಡಿಯುವುದು ಮೂಗು.

ಪುನೀತ್ ಫೋನ್ ಎತ್ತಿ ಹಿಡಿದ. "ಹಚ್ಚಣ್ಣ ಬೀಡಿ. ವಿಡಿಯೊ ಮಾಡ್ತಿದೀನಿ. ಬೆಂಕಿ ಹತ್ಕೊಂಡ್ರೆ ಇನ್ನೂ ಜಾಸ್ತಿ ಜನ ನೋಡ್ತಾರೆ."

"ಲೇ, ನಮ್ ತಾತನ ಕಾರು ಕಣ್ಲಾ" ಎಂದ ಸ್ವರೂಪ್.

ಹೊನ್ನಯ್ಯ ಬೀಡಿ ತುಟಿಗಿಟ್ಟುಕೊಂಡು ಮನೆಯ ಕಡೆ ನೋಡಿದ. ಚಿಕ್ಕಬೋರಮ್ಮ ಟೀ ತಂದಳು. ಬಾನೆಟ್ ಹತ್ತಿರ ನಿಂತು ಉಸಿರೆಳೆಯಲು ಹೋಗಿ ಸೀನಿದಳು. ಸೆರಗಿನಲ್ಲಿ ಮೂಗು ಒರೆಸಿಕೊಂಡು ಮತ್ತೆ ಎಳೆದಳು. ಮತ್ತೆ ಸೀನು.

"ಏನಕ್ಕ, ನೆಗಡಿನಾ?" ಪುನೀತ್ ಕೇಳಿದ.

"ಬೆಳಿಗ್ಗೆಯಿಂದ ಮೂಗೇ ಕಟ್ಕಂಡದೆ ಕಣಪ್ಪ. ಏನೂ ಗೊತ್ತಾಗಕಿಲ್ಲ." ಮಾತು ಪುನೀತನಿಗೆ, ಕಣ್ಣು ಗಂಡನ ಮೇಲೆ. ಲೋಟ ಅವಳ ಕೈಯಲ್ಲೇ ಉಳಿಯಿತು.

ಹೊನ್ನಯ್ಯ ಸ್ವರೂಪನನ್ನು ಕೇಳಿದ: "ನಿಮ್ಗೆ ವಾಸ್ನೆ ಬತ್ತಾ ಅದ್ಯಾ?"

"ಇಡೀ ಶೆಡ್ಡೇ ಪೆಟ್ರೋಲ್ ನಾತ ಹೊಡೀತಿದೆ. ಯಾವ್ದು ಗಾಡೀದು, ಯಾವ್ದು ನಿಮ್ ಬಟ್ಟೇದು ಅಂತ ನಮಗೇನ್ ಗೊತ್ತು? ನೀವ್ ಹೇಳ್ಬೇಕು."

ಹೊನ್ನಯ್ಯ ಬೆಂಕಿಪೊಟ್ಟಣ ತೆಗೆದ. ಕಡ್ಡಿಯನ್ನೂ ತೆಗೆದ. ಕೆಲಸ ಸರಿಯಾಗಿದೆ ಎಂದು ಕೈ ಹೇಳುತ್ತಿತ್ತು. ಆದರೆ ಈ ಗಾಡಿಯಲ್ಲಿ ಕೂತು ಮಂಡ್ಯಕ್ಕೆ ಹೋಗುವವನು ತಾನಲ್ಲ. ಕಡ್ಡಿಯನ್ನು ಪೊಟ್ಟಣಕ್ಕೆ ಹಾಕಿ, ಕಾರಿನೊಳಗೆ ಬಗ್ಗಿ ಎಂಜಿನ್ ಆಫ್ ಮಾಡಿದ.

"ಓಡಿಸ್ಕಂಡು ಓಗ್ಬ್ಯಾಡಿ. ಬ್ಯಾರೆ ಯಾರ್ಗಾದ್ರೂ ತೋರ್ಸಿ."

"ರಿಪೇರಿ ಆಯ್ತಲ್ಲ ಅಣ್ಣ?"

"ಆಗಿರಬೌದು. ನಂಗೆ ಮೂಗಿಲ್ಲ."

"ಇದ್ಯಲ್ಲ, ಇಷ್ಟ್ ದಪ್ಪ ಇದೆ" ಎಂದು ಪುನೀತ್ ನಕ್ಕ.

"ನಗ್ಬ್ಯಾಡ ಕಣಪ್ಪ" ಎಂದಳು ಚಿಕ್ಕಬೋರಮ್ಮ. "ಜರ ಬಂದಾಗ್ಲಿಂದ ವಾಸ್ನೆ ಗೊತ್ತಾಗಕಿಲ್ಲ. ನಾನೇ ಮೂಸಿ ಏಳ್ತಿದ್ದೆ."

ಪುನೀತನ ಫೋನಿನಲ್ಲಿ ವಿಡಿಯೊ ಇನ್ನೂ ಓಡುತ್ತಲೇ ಇತ್ತು.

ಕಾರನ್ನು ಲಾರಿಯ ಮೇಲೆ ಹಾಕಿಕೊಂಡು ಹೋದರು. ಆ ವಾರ ಜೀಪು ತರುತ್ತೇನೆಂದಿದ್ದ ಮಳವಳ್ಳಿಯ ಕರಿಯಯ್ಯ ಫೋನ್ ಮಾಡಿದ. "ವಿಡಿಯೊ ನೋಡ್ದೆ ಹೊನ್ನಯ್ಯ. ಪಾಪ ಅನ್ನುಸ್ತು. ಜೀಪು ಸದ್ಯಕ್ಕೆ ಬ್ಯಾಡ ಬುಡು." ಬೇರೆಯವರು ಬರುವುದಿಲ್ಲವೆಂದು ಫೋನ್ ಮಾಡಿ ಹೇಳುವ ಗೋಜಿಗೂ ಹೋಗಲಿಲ್ಲ.

ಕೊನೆಗೆ ಸ್ವರೂಪನ ಫೋನ್ ಬಂತು. ಮಂಡ್ಯದ ಮೆಕ್ಯಾನಿಕ್ ಎಲ್ಲ ಬಿಚ್ಚಿ ನೋಡಿದನಂತೆ. ಎಲ್ಲೂ ಸೋರುತ್ತಿಲ್ಲ, ಇದನ್ನು ನನ್ನ ಹತ್ತಿರ ಯಾಕೆ ತಂದಿರಿ ಎಂದನಂತೆ.

"ಒಳ್ಳೇದಾಯ್ತು" ಎಂದು ಹೊನ್ನಯ್ಯ ಫೋನಿಟ್ಟ.

"ನೋಡು, ನೀನು ಸರಿಯಾಗೇ ಮಾಡಿದ್ದೆ. ಆವತ್ತೇ ಹಚ್ಚಿದ್ರೆ ಏನಾಗ್ತಿತ್ತು?" ಎಂದಳು ಚಿಕ್ಕಬೋರಮ್ಮ. ಅವಳ ನೆಗಡಿ ಬಿಟ್ಟಿತ್ತು.

"ನಂಗೆ ಗೊತ್ತಾಗ್ಲಿಲ್ವಲ್ಲ."

ಜೇಬಿನಿಂದ ಬೆಂಕಿಪೊಟ್ಟಣ ತೆಗೆದು ಅವಳ ಕೈಗೆ ಕೊಟ್ಟ.

"ಒಲೆಗೆ ಲೈಟರ್ ಅದೆ. ಇದ್ಯಾಕೆ ನಂಗೆ?"

"ಮಡಿಕ್ಕೊ. ನಂಗಿನ್ನು ಬ್ಯಾಡ" ಎಂದು ಹೇಳಿ ಶೆಡ್ಡಿನ ಶಟರ್ ಎಳೆಯಲು ಹೋದ. ಹೊರಗೆ ಇನ್ನೂ ಬಿಸಿಲಿತ್ತು.