ಬೆಳ್ಳಗಾದ ಹಂಚು

ಬಸಗೊಂಡಪ್ಪನವರು ಸರಕಾರಿ ನೌಕರಿಯಿಂದ ನಿವೃತ್ತರಾದರು, ಮೇಲ್ವಿಚಾರಣೆಯಿಂದ ಆಗಲಿಲ್ಲ. ಮೂರು ದಿನ ಮನೆಯ ಕಟ್ಟೆಯ ಮೇಲೆ ಕೂತು, ಸಿದ್ಧೇಶ್ವರ ಗುಡಿಗೆ ಹೋಗಿಬರುವವರಿಗೆಲ್ಲ ಚಪ್ಪಲಿ ಎಲ್ಲಿ ಬಿಡಬೇಕೆಂದು ಹೇಳಿದರು. ಯಾರೂ ಕ್ಯಾರೇ ಅನ್ನಲಿಲ್ಲ. ನಾಲ್ಕನೆಯ ದಿನ ಮೊಬೈಲು ಹಿಡಿದು ಅಡುಗೆಮನೆಗೆ ಬಂದರು. ಅಲ್ಲಿಗೆ ಹೆಂಡತಿ ನೀಲಾಬಾಯಿಯ ಗ್ರಹಚಾರ ಕೆಟ್ಟಿತು ಅನ್ನಿ.

ಲಗ್ನವಾದಾಗಿನಿಂದ ಒಂದು ಲೋಟ ನೀರನ್ನೂ ತಾನಾಗಿ ತುಂಬಿಕೊಂಡು ಕುಡಿಯದ ಗಂಡಸು, ಹುಣಸೆಹಣ್ಣು ಎಷ್ಟು ಹೊತ್ತು ನೆನೆಯಬೇಕೆಂದು ಹೇಳತೊಡಗಿದರು. ವಿಡಿಯೋ ನೋಡಿ ನೋಡಿ ಕಬ್ಬಿಣದ ಪಾತ್ರೆಗಳ ಪಂಡಿತರೇ ಆಗಿಬಿಟ್ಟರು. ನೀಲಾಬಾಯಿ ಹೂಂ ಅನ್ನುತ್ತ ಒಂದು ಕಿವಿಯಿಂದ ಕೇಳಿ ಇನ್ನೊಂದರಿಂದ ಬಿಟ್ಟಳು. ಅವರ ಕಣ್ಣು ತನ್ನ ದೋಸೆಯ ಹಂಚಿನ ಮೇಲೆ ಬೀಳದಿದ್ದರೆ ಸಾಕಿತ್ತು ಅವಳಿಗೆ.

ಅದು ಬೀಡಿನ ಹಂಚು. ಬೀಡೆಂದರೆ ಎರಕದ ಕಬ್ಬಿಣ. ನೀರುಳಿದರೆ ತುಕ್ಕು ಹಿಡಿಯುತ್ತದೆ, ಕೈಜಾರಿದರೆ ಒಡೆಯುತ್ತದೆ. ಬಬಲೇಶ್ವರದ ತವರಿನಲ್ಲಿ ಅವ್ವ ಸೋನಾಬಾಯಿ ತಾನು ಬಳಸುತ್ತಿದ್ದುದನ್ನೇ ಮಗಳ ಲಗ್ನದಲ್ಲಿ ಕೊಟ್ಟಿದ್ದಳು. ಅದರ ಮೇಲೆ ದೋಸೆ ಬಿಟ್ಟು ಬೇರೇನೂ ಏರುವಂತಿಲ್ಲ. ರೊಟ್ಟಿಗೆ ಬೇರೆಯೇ ಹಂಚು. ಸಾಬೂನಂತೂ ತೋರಿಸುವಂತಿಲ್ಲ. ಬಿಸಿಯಿರುವಾಗಲೇ ಒರೆಸಿ, ಅರ್ಧ ಉಳ್ಳಾಗಡ್ಡಿಯನ್ನು ಕುಸುಬಿ ಎಣ್ಣೆಯಲ್ಲಿ ಅದ್ದಿ ಉಜ್ಜಿ ಇಡಬೇಕು. ಹೀಗೆ ಕಪ್ಪೇರಿದ ಹಂಚಿನಿಂದ ದೋಸೆ ಊದಿದರೆ ಏಳುತ್ತಿತ್ತು. ಅವ್ವ ತೀರಿಕೊಂಡ ಮೇಲೆ ತಮ್ಮ ಸಂಗು ತಿಂಗಳಿಗೊಂದು ಭಾನುವಾರ ಬಂದು, ನಾಲ್ಕು ದೋಸೆ ತಿಂದು, "ಅವ್ವನ ಕೈಯಾಗಿಂದು ತಿಂದಂಗಾತು ನೋಡಕ್ಕಾ" ಅನ್ನುವನು. ತಾಯಿಯದೆಂದು ಇಬ್ಬರಿಗೂ ಉಳಿದದ್ದು ಅದೊಂದೇ.

ಒಂದು ಶನಿವಾರ ನೀಲಾಬಾಯಿ ಮೊಮ್ಮಗನ ಜವಳಕ್ಕೆಂದು ತಿಕೋಟಾದಲ್ಲಿದ್ದ ಮಗಳು ನಂದಾಳ ಮನೆಗೆ ಹೋದಳು. ಬಸಗೊಂಡಪ್ಪನವರಿಗೆ ಅಡುಗೆಮನೆ ಖಾಲಿ ಸಿಕ್ಕಿತು. ಹಂಚು ತೆಗೆದು ಉಗುರಿನಿಂದ ಕೆರೆದರು, ಉಗುರು ಕಪ್ಪಾಯಿತು. ಶಿವಶಿವಾ, ಇಷ್ಟು ವರ್ಷದ ಕೊಳೆಯನ್ನೇ ಈಕೆ ನನಗೆ ತಿನ್ನಿಸಿದ್ದಾಳೆ ಅಂದುಕೊಂಡವರು, ಹಂಚನ್ನು ಚೀಲದಲ್ಲಿ ಹಾಕಿಕೊಂಡು ಗೇಟು, ಗ್ರಿಲ್ಲು ಮಾಡುವ ಅಬ್ದುಲಸಮದನ ಅಂಗಡಿಗೆ ನಡೆದರು.

"ಇದಕ್ಕ ಗ್ರೈಂಡರ್ ಹಚ್ಚೂದೇನ್ರಿ ಸಾಹೇಬ್ರ? ಮನ್ಯಾಗ ಒಂದು ಮಾತು ಕೇಳೀರಿಲ್ಲೋ?" ಅಂದ ಅಬ್ದುಲಸಮದ.

"ಮನ್ಯಾಗ ಕೇಳೂದೇನೈತಿ? ನಾ ವಿಡಿಯೋ ನೋಡೀನಿ."

ಅಬ್ದುಲಸಮದ ಗ್ರೈಂಡರ್ ಚಾಲೂ ಮಾಡಿದ. ಕಾಲು ತಾಸಿನಲ್ಲಿ ತಾಯಿಮಗಳು ಕೂಡಿ ಏರಿಸಿದ ಕಪ್ಪೆಲ್ಲ ಪುಡಿಯಾಗಿ ಅಂಗಡಿಯ ನೆಲಕ್ಕೆ ಬಿತ್ತು.

ಸಂಜೆ ನೀಲಾಬಾಯಿ ಹೊಸ್ತಿಲು ದಾಟುವುದರೊಳಗೆ ಗಂಡ ಹಂಚನ್ನು ಅವಳ ಮುಂದೆ ಹಿಡಿದರು. "ನೋಡು, ಕನ್ನಡ್ಯಾಗಿನಂಗ ಮಾರಿ ಕಾಣತೈತಿ."

ಅವಳು ಹಂಚಿನ ಮೇಲೆ ಕೈಯಾಡಿಸಿದಳು, ಕಣ್ಣಲ್ಲಿ ನೀರು ಬಂತು. ಬಸಗೊಂಡಪ್ಪನವರು ಅದನ್ನು ಸಂತೋಷವೆಂದೇ ತಿಳಿದರು, ಪುಣ್ಯಾತ್ಮರು.

"ಇರ್ಲಿ ಬಿಡು, ಇದಕ್ಕೆಲ್ಲ ಅಳ್ತಾರೇನು. ನಂದೂ ಒಂದು ಕರ್ತವ್ಯ ಇರತೈತೆಲ್ಲ," ಅಂದರು.

ಮರುದಿನ ಸಂಗು ಬಂದು ತಾಟಿನ ಮುಂದೆ ಕೂತ. ಮೊದಲನೆಯ ದೋಸೆ ಹಂಚು ಬಿಡಲೊಲ್ಲದು. ಎರಡನೆಯದು ಚಿಂದಿಯಾಯಿತು. ಮೂರನೆಯದು ಸೀದು ಮನೆತುಂಬ ಹೊಗೆ.

"ಅವ್ವನ ಹಂಚು ಎಲ್ಲೈತಕ್ಕಾ?" ಅಂದ ಸಂಗು.

"ಇದ ನೋಡಪಾ," ಅಂದಳು ನೀಲಾಬಾಯಿ.

ಸಂಗು ಹಂಚು ನೋಡಿದ, ಭಾವನನ್ನು ನೋಡಿದ, ತಲೆ ತಗ್ಗಿಸಿದ. ಬಸಗೊಂಡಪ್ಪನವರು ಗಂಟಲು ಸರಿಮಾಡಿಕೊಂಡು, "ಹಿಟ್ಟು ಸರಿಯಾಗಿ ಹುದುಗಿಲ್ಲ. ನಾ ನಿನ್ನೇನ ಅಂದ್ಕೊಂಡಿದ್ದೆ," ಅಂದರು.

ಅಳುವುದಿದ್ದುದನ್ನು ಅತ್ತಾಗಿತ್ತು, ಈ ಮಾತಿಗೆ ನೀಲಾಬಾಯಿಗೆ ಮೈಯೆಲ್ಲ ಉರಿಯಿತು. ತಮ್ಮನಿಗೆ ರೊಟ್ಟಿ ಬಡಿದು, ಪುಂಡಿಪಲ್ಯ ಹಾಕಿ ಕೊಟ್ಟಳು. ಸೀದ ಚಿಂದಿಯನ್ನೆಲ್ಲ ಕೆರೆದು ಗಂಡನ ತಾಟಿಗೆ ಹಾಕಿದಳು.

ಸೋಮವಾರವೂ ಅದೇ, ಮಂಗಳವಾರವೂ ಅದೇ. ಹಂಚು ಮತ್ತೆ ಪಳಗಬೇಕಾದರೆ ದಿನವೂ ಉಳ್ಳಾಗಡ್ಡಿ ತಿಕ್ಕಿ ದೋಸೆ ಹಾಕುತ್ತಲೇ ಇರಬೇಕು. ಪಳಗುವತನಕ ಹರಿದ ದೋಸೆಗಳನ್ನು ನಾಯಿಗೆ ಹಾಕುವುದು ರೂಢಿ. ಆ ಮನೆಯಲ್ಲಿ ನಾಯಿ ಇರಲಿಲ್ಲ.

ಹತ್ತನೆಯ ದಿನ ಬಸಗೊಂಡಪ್ಪನವರು ಕರಕು ಚೂರೊಂದನ್ನು ಅಗಿಯುತ್ತ, ಜೀವಮಾನದಲ್ಲೇ ಮೊದಲ ಸಲ ಹೆಂಡತಿಯನ್ನು ಒಂದು ಪ್ರಶ್ನೆ ಕೇಳಿದರು. "ಅಲ್ಲಾ, ಇದು ಮೊದಲಿನಂಗ ಆಗಾಕ ಇನ್ನೂ ಎಷ್ಟು ದಿನ ಬೇಕು?"

ನೀಲಾಬಾಯಿ ತಿರುಗಿ ನೋಡಲಿಲ್ಲ. ಇನ್ನೊಂದು ಸೌಟು ಹಿಟ್ಟು ಹುಯ್ದಳು.

"ಅವ್ವ ಇಪ್ಪತ್ತು ವರ್ಷ ಹುಯ್ದಿದ್ಲು. ನಾ ಮೂವತ್ನಾಕು ವರ್ಷ. ನೀವ ಕೂಡಿಸಿ ನೋಡ್ರಿ," ಅಂದಳು. "ಅಲ್ಲೀತನಾ ತಿನ್ನಾಕ ನೀವು ಗಟ್ಟಿ ಇರಬೇಕಷ್ಟ."